ಅರ್ಥಾಯ್ತಾ ಅಂದರು, ಆಯ್ತು ಅಂದೆ

ಸುಟ್ಟ ತಂತಿಯ ಆ ಕಾಯಿಲ್ ನನ್ನ ಅಂಗಡಿಗೆ ಬಂದದ್ದು ಹಲ್ಲು ಕೀಳುವ ಇಕ್ಕಳ ಇಡುವಂಥ ಸ್ಟೀಲ್ ತಟ್ಟೆಯಲ್ಲಿ, ಹತ್ತಿಯ ಮೇಲೆ ಮಲಗಿಕೊಂಡು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಅಂಜನಾಪುರದ ಕಡೆ ಪಂಪ್‌ಸೆಟ್ ಸುಟ್ಟರೆ ಇಲ್ಲಿಗೆ ಬರುತ್ತದೆ. ಗೋಣಿಚೀಲದಲ್ಲಿ ಬರುತ್ತದೆ, ಟ್ರಾಲಿಯಲ್ಲಿ ಉರುಳಾಡಿಕೊಂಡು ಬರುತ್ತದೆ, ಕೆಸರು ಮೆತ್ತಿಕೊಂಡು ಬರುತ್ತದೆ. ಹತ್ತಿಯ ಮೇಲೆ ಬಂದದ್ದು ಅದೊಂದೇ.

ತಂದವರು ಸೊರಬದ ಹಲ್ಲಿನ ಡಾಕ್ಟರು. ಐವತ್ತು ದಾಟಿದವರು, ತೆಳ್ಳಗೆ, ಉದ್ದುದ್ದ ಬೆರಳಿನವರು. ಯಾವ ಮೋಟರಿನದು ಎಂದು ಕೇಳಿದೆ. ಅವರು ಒಂದು ಕ್ಷಣ ಬೀದಿಯ ಕಡೆ ನೋಡಿ, ವಿಮಾನದ್ದು ಎಂದರು. ನಾನು ನಗಲಿಲ್ಲ. ನಗದೇ ಇದ್ದದ್ದಕ್ಕೇ ಅವರಿಗೆ ನನ್ನ ಮೇಲೆ ನಂಬಿಕೆ ಹುಟ್ಟಿತಂತೆ, ಆಮೇಲೆ ಹೇಳಿದರು. ನಿಜ ಹೇಳಬೇಕೆಂದರೆ ನಾನು ಆಗ ಮನಸ್ಸಿನಲ್ಲೇ ತಂತಿಯ ಸುತ್ತು ಎಣಿಸುತ್ತಿದ್ದೆ. ಎಣಿಸುವಾಗ ನನಗೆ ಯಾರು ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ.

ನನ್ನ ಕಿವಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಕೆಲಸ ನಾನು ಗಂಡನ ಜೊತೆ ಕಲಿತದ್ದು. ಈಗ ಅವರು ಬೋರ್‌ವೆಲ್ ಮೋಟರ್ ಎತ್ತುವ ಇಳಿಸುವ ಕೆಲಸಕ್ಕೆ ಊರೂರು ಸುತ್ತುತ್ತಾರೆ, ಅಂಗಡಿಯಲ್ಲಿ ಕೂರುವುದು ನಾನು. ಬಂದವರೆಲ್ಲ ಮೊದಲು ಯಜಮಾನರು ಇಲ್ಲವೇ ಎಂದು ಒಳಗೆ ಇಣುಕುತ್ತಾರೆ. ಇಲ್ಲ ಎಂದರೆ, ಮೋಟರ್ ಎಂದರೇನು, ಅದು ಯಾಕೆ ಸುಡುತ್ತದೆ ಎಂದು ನನಗೇ ಪಾಠ ಮಾಡುತ್ತಾರೆ. ಕೊನೆಗೆ ತಪ್ಪದೆ ಒಂದು ಪ್ರಶ್ನೆ: ಅರ್ಥ ಆಯ್ತೇನಮ್ಮಾ? ಮೊದಮೊದಲು ಜಗಳ ಆಡುತ್ತಿದ್ದೆ. ಆಮೇಲೆ ಬೇಜಾರಾಗಿ, ಆಯ್ತು ಎಂದು ಒಂದೇ ಮಾತಿಗೆ ಬಂದೆ. ಅದು ಉತ್ತರವಲ್ಲ, ಬಾಗಿಲು ಹಾಕುವ ಸದ್ದು. ಹಾಗೆ ಅಂದುಬಿಟ್ಟರೆ ಅವರ ಬಾಯಿ ಮುಚ್ಚುತ್ತದೆ, ನನ್ನ ಕೆಲಸ ಸಾಗುತ್ತದೆ.

ಕಾಯಿಲ್ ಸುತ್ತಿಕೊಟ್ಟೆ. ವಾರದೊಳಗೆ ಡಾಕ್ಟರು ಮತ್ತೆ ಬಂದರು, ಈ ಸಲ ಬರಿಗೈಯಲ್ಲಿ. ಕಿಡಿ ಚೆನ್ನಾಗಿ ಬರುತ್ತಿದೆ, ಆದರೆ ರೇಸ್ ಕೊಟ್ಟರೆ ಇಂಜಿನ್ ಮಿಸ್ ಹೊಡೆಯುತ್ತದೆ, ವೈರಿಂಗೂ ಸರಿ ಇಲ್ಲ ಅನಿಸುತ್ತದೆ, ಒಮ್ಮೆ ಬಂದು ನೋಡಿ ಎಂದರು. ನನಗೆ ಕುತೂಹಲ ತಡೆಯಲಿಲ್ಲ. ಭಾನುವಾರ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಹೋದೆ.

ಮೊದಲು ಮನೆಗೆ ಕರೆದುಕೊಂಡು ಹೋದರು. ಮುಂದೆ ದವಾಖಾನೆ, ಹಿಂದೆ ಮನೆ. ಅವರ ಹೆಂಡತಿಯೇ ದವಾಖಾನೆಯ ಚೀಟಿ ಬರೆಯುವವರು, ರೋಗಿಗಳಿಗೆ ಧೈರ್ಯ ಹೇಳುವವರು. ಅವಲಕ್ಕಿ ತಂದಿಟ್ಟರು. ಡಾಕ್ಟರು ಒಳಗೆ ಅಂಗಿ ಬದಲಾಯಿಸಲು ಹೋದಾಗ ನನ್ನ ಪಕ್ಕ ಬಂದು ಕೂತರು.

"ನೋಡಿ ಅಕ್ಕಾ, ಅದು ಹಾರ್ತದೋ ಬಿಡ್ತದೋ ನಂಗೆ ಬೇಡ. ಇವ್ರ ಬೆರಳು ಹತ್ತೂ ಮನೆಗೆ ವಾಪಸ್ ಬರ್ಬೇಕು. ಅಷ್ಟು ನೋಡ್ಕೊಳ್ಳಿ."

ಆ ಬೆರಳುಗಳಿಂದಲೇ ಅವರ ಮನೆ ನಡೆಯುವುದು. ಇಂಜಿನ್ನಿನ ಮುಂದೆ ತಿರುಗುವ ಮರದ ರೆಕ್ಕೆ ಎಷ್ಟು ಚೂಪು ಎಂದು ಆಕೆ ಒಂದು ಸಲ ಮುಟ್ಟಿ ನೋಡಿ ಬಂದಿದ್ದರಂತೆ, ಮತ್ತೆ ಆ ಕಡೆ ಕಾಲಿಟ್ಟಿಲ್ಲ. ನಾನು, ನಂದು ಜವಾಬ್ದಾರಿ ಬಿಡ್ರಿ, ಎಂದೆ. ಅಷ್ಟು ಸುಲಭವಾಗಿ ಅಂದುಬಿಟ್ಟೆ.

ವಿಮಾನ ಇದ್ದದ್ದು ಉಳವಿ ರಸ್ತೆಯಲ್ಲಿ, ನಿಂತುಹೋದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಕಣದ ಮೇಲೆ ಅಲ್ಯೂಮಿನಿಯಂ ಪೈಪಿನ ಒಂದು ಆಕೃತಿ, ಮೂರು ಚಕ್ರ, ಒಂದೇ ಸೀಟು. ಎರಡು ಪಕ್ಕದ ದೊಡ್ಡ ರೆಕ್ಕೆಗಳನ್ನು ಇನ್ನೂ ಜೋಡಿಸಿರಲಿಲ್ಲ, ಬಟ್ಟೆ ಹೊದಿಸಿ ಗೋಡೆಗೆ ಒರಗಿಸಿದ್ದರು. ಬಾಲಕ್ಕೆ ಹಗ್ಗ ಕಟ್ಟಿ ಆ ಹಗ್ಗವನ್ನು ಗಿರಣಿಯ ಕಬ್ಬಿಣದ ಕಂಬಕ್ಕೆ ಬಿಗಿದಿದ್ದರು. ಹಾರಿಸಲು ದಿಲ್ಲಿಯಿಂದ ಒಪ್ಪಿಗೆ ಬರಬೇಕು, ಅದಕ್ಕೆ ಎಷ್ಟು ವರ್ಷವೋ, ಸದ್ಯಕ್ಕೆ ಇಂಜಿನ್ ಒಂದು ಗಂಟೆ ತಡವರಿಸದೆ ಓಡಿದರೆ ಸಾಕು ಎಂದರು. ಬಿಳಿ ಕೋಟು ತೆಗೆದಿಟ್ಟ ಆ ಮನುಷ್ಯನ ಮುಖದಲ್ಲಿದ್ದ ಆಸೆ ನೋಡಿ ನನಗೆ ಪಾಪ ಅನಿಸಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನಗೆ ಹಾಗೆ ಆಸೆಪಟ್ಟು ಮಾಡುವಂಥದ್ದು ಏನಿದೆ ಎಂದು ಯೋಚಿಸಿದೆ, ತಕ್ಷಣಕ್ಕೆ ಏನೂ ಹೊಳೆಯಲಿಲ್ಲ.

ಇಂಜಿನ್ನಿಗೆ ಎರಡು ಸಿಲಿಂಡರು, ಎರಡಕ್ಕೂ ಬೇರೆ ಬೇರೆ ಕಾರ್ಬೊರೇಟರು. ಚಾಲೂ ಮಾಡಿ ತೋರಿಸಿದರು. ನಿಧಾನಕ್ಕೆ ಓಡುವಾಗ ಲಕ್ಷಣವಾಗಿತ್ತು. ರೇಸ್ ಕೊಡುತ್ತಾ ಹೋದಂತೆ ಒಂದು ಕಡೆ ಉಸಿರು ಸಾಲದವರ ಹಾಗೆ ಬಿಕ್ಕಳಿಸತೊಡಗಿತು. ನಿಲ್ಲಿಸಿ ಪ್ಲಗ್ ಎರಡೂ ಬಿಚ್ಚಿದೆ. ಒಂದು ಒಳ್ಳೆ ಕಾಫಿಪುಡಿ ಬಣ್ಣ, ಹೇಗಿರಬೇಕೋ ಹಾಗೆ. ಇನ್ನೊಂದು ಬಿಳಚಿಕೊಂಡಿತ್ತು, ಅಂದರೆ ಆ ಸಿಲಿಂಡರಿಗೆ ಗಾಳಿ ಸಿಗುವಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಪೆಟ್ರೋಲ್ ಬಿಡುವ ಜೆಟ್ಟಿನಲ್ಲಿ ಕಸ ಇರಬೇಕು ಎಂದೆ. ಡಾಕ್ಟರು ಚೀಲದಿಂದ ಹಲ್ಲಿನ ಬೇರು ಶುದ್ಧ ಮಾಡುವ ಕೂದಲೆಳೆಯಂಥ ಸೂಜಿ ತೆಗೆದು, ಜೆಟ್ಟಿನ ತೂತಿನಲ್ಲಿ ಒಂದೇ ಒಂದು ಸಲ ಆಡಿಸಿ ಬೆಳಕಿಗೆ ಹಿಡಿದರು. ಕಸ ಇರಲಿಲ್ಲ. ಆ ಕೈ ನೋಡುತ್ತಾ ನಿಂತೆ. ತಂತಿ ಸುತ್ತಿ ಸುತ್ತಿ ದಡ್ಡುಗಟ್ಟಿದ ನನ್ನ ಬೆರಳಿಗೆ ಆ ನಯ ಬರುವುದಿಲ್ಲ.

ಆಮೇಲೆ ಹೊಳೆದದ್ದು ಅವರಿಗೇ. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಕಾರ್ಬೊರೇಟರಿನ ಬಾಯಿಗೆ ಇಟ್ಟು, ಮೊಬೈಲಿನ ಬೆಳಕು ಬಿಟ್ಟು, ನನಗೆ ಆಕ್ಸಿಲರೇಟರ್ ನಿಧಾನಕ್ಕೆ ಎಳೆಯಲು ಹೇಳಿದರು. ಒಳಗೆ ಗಾಳಿಯ ದಾರಿ ತೆರೆಯುವ ಸ್ಲೈಡು ಇರುತ್ತದಲ್ಲ, ಒಂದರಲ್ಲಿ ಕೂಡಲೇ ಎದ್ದಿತು. ಇನ್ನೊಂದರಲ್ಲಿ ಒಂದು ಅಕ್ಕಿಕಾಳಿನಷ್ಟು ತಡವಾಗಿ ಎದ್ದಿತು. ಕೇಬಲ್ಲು ಸಡಿಲ. ಅಷ್ಟೇ ವಿಷಯ. ಅವರು ಕನ್ನಡಿ ಹಿಡಿದರು, ನಾನು ಕೇಬಲ್ಲಿನ ನಟ್ಟು ತಿರುಗಿಸಿದೆ. ಎರಡೂ ಸ್ಲೈಡು ಒಟ್ಟಿಗೆ ಏಳುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಮತ್ತೆ ಚಾಲೂ ಮಾಡಿದಾಗ ಬಿಕ್ಕಳಿಕೆ ಮುಕ್ಕಾಲು ಪಾಲು ಹೋಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ನಕ್ಕೆವು.

ಉಳಿದ ಕಾಲು ಪಾಲಿಗೆ ಕಾರ್ಬೊರೇಟರಿನ ತಳದ ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ನೋಡಬೇಕಿತ್ತು. ಪೆಟ್ರೋಲ್ ಬಂದ್ ಮಾಡಿ ಬಟ್ಟಲು ಎರಡನ್ನೂ ಖಾಲಿ ಮಾಡಿದೆ. ಇಂಜಿನ್ ಆರುವ ತನಕ ಸುಮ್ಮನಿರುವುದೇಕೆ ಎಂದು ವೈರಿಂಗ್ ಕಡೆ ಕೈ ಹಾಕಿದೆ. ಇಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರು ನಡುಕಕ್ಕೆ ಬುಡದಲ್ಲೇ ಮುರಿಯುವ ಹಾಗಾಗಿತ್ತು. ಅದರ ತುದಿಗೆ ಹೊಸ ಲಗ್ಗು, ಅಂದರೆ ನಟ್ಟಿನಡಿ ಕೂರುವ ತಾಮ್ರದ ಬಳೆ, ಹಾಕೋಣ ಎಂದು ವೈರನ್ನೇ ಪೂರ್ತಿ ಬಿಚ್ಚಿ ತೆಗೆದೆ.

ಆಗ ಡಾಕ್ಟರು ಪಾಠ ಶುರು ಮಾಡಿದರು. ಪಂಪ್‌ಸೆಟ್ಟಿಗೆ ಕರೆಂಟು ಹೊರಗಿನಿಂದ ಬರುತ್ತದೆ, ವೈರು ಕಿತ್ತರೆ ಮೋಟರ್ ನಿಂತಿತು. ಇದು ಹಾಗಲ್ಲ. ಮುಂದಿನ ರೆಕ್ಕೆ ತಿರುಗಿದರೆ ಒಳಗಿನ ಅಯಸ್ಕಾಂತ ತಿರುಗಿ, ಇದು ತನ್ನ ಕಿಡಿ ತಾನೇ ಹುಟ್ಟಿಸಿಕೊಳ್ಳುತ್ತದೆ. ನಿಲ್ಲಬೇಕಾದರೆ ಆ ಕರೆಂಟನ್ನು ಒಂದು ವೈರಿನ ಮೂಲಕ ಇಂಜಿನ್ನಿನ ಮೈಗೆ ಇಳಿಸಿಬಿಡಬೇಕು. ಅದೇ ಅರ್ಥ್ ಮಾಡುವುದು. ಆ ವೈರು ಕಿತ್ತಿದ್ದರೆ ಇಂಜಿನ್ ಸತ್ತ ಹಾಗೆ ಕಂಡರೂ ಜೀವ ಇರುತ್ತದೆ. ಹೀಗೆ ಹೇಳುತ್ತಾ ಹೋದರು.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಇವತ್ತು ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಹಳೇ ಮೊಪೆಡ್ಡುಗಳಲ್ಲೂ ಇದೇ ಏರ್ಪಾಡು, ನಾನು ಅಂಥವು ಎಷ್ಟೋ ಸುತ್ತಿದ್ದೇನೆ. ಬೆಳಗ್ಗಿನಿಂದ ಸರಿಸಮಾನವಾಗಿ ಕೆಲಸ ಮಾಡಿದ ಮನುಷ್ಯ ಕೊನೆಗೆ ಎಲ್ಲರಂತೆ ಪಾಠಕ್ಕೆ ನಿಂತರಲ್ಲ ಎಂದು ನನಗೆ ಮೈ ಉರಿಯಿತು. ಅವರಿಗೆ ಬೆನ್ನು ಹಾಕಿ, ವೈರಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಚೀಲದಲ್ಲಿ ಲಗ್ಗು ಹುಡುಕುತ್ತಾ ಕೂತೆ. ಪಾಠ ನಿಂತು ಸ್ವಲ್ಪ ಹೊತ್ತಾಗಿತ್ತು. ಹಿಂದಿನಿಂದ ಅವರ ದನಿ ಕೇಳಿಸಿತು.

"ಅರ್ಥಾಯ್ತಾ?"

"ಆಯ್ತು," ಎಂದೆ.

ಅವರು ಕೇಳಿದ್ದು ಅರ್ಥ್ ಆಯ್ತಾ ಎಂದು. ವೈರು ವಾಪಸ್ ಹಾಕಿದಿರಾ, ಇನ್ನು ರೆಕ್ಕೆ ಮುಟ್ಟಬಹುದಾ ಎಂದು. ನನ್ನ ಕಿವಿಗೆ ಬಿದ್ದದ್ದು ಅಂಗಡಿಗೆ ಬರುವ ಗಂಡಸರೆಲ್ಲ ಕೇಳುವ ಪ್ರಶ್ನೆ. ಬಾಯಲ್ಲಿ ಎರಡೂ ಒಂದೇ. ಬರೆದು ತೋರಿಸಿದರೆ ಮಾತ್ರ ಬೇರೆ ಬೇರೆ.

ಅವರು ಇಂಜಿನ್ನಿನ ಮುಂದಿನ ಮರದ ರೆಕ್ಕೆಯನ್ನು ದಾರಿಗೆ ಅಡ್ಡ ಬಾರದ ಹಾಗೆ ಸರಿಸಲು ಕೈಯಲ್ಲಿ ತಿರುಗಿಸಿದರು. ಸಿಲಿಂಡರಿನಲ್ಲಿ ಉಳಿದಿದ್ದ ಪೆಟ್ರೋಲಿನ ಬಿಸಿ ಹಬೆ ಸಾಕಾಯಿತು. ಢಬ್ ಎಂದು ಒಂದು ಸದ್ದು, ರೆಕ್ಕೆ ಎರಡು ಸುತ್ತು ಸುತ್ತಿ ನಿಂತಿತು. ಬಟ್ಟಲಲ್ಲಿ ಪೆಟ್ರೋಲ್ ಇದ್ದಿದ್ದರೆ ನಿಲ್ಲುತ್ತಿರಲಿಲ್ಲ.

ತಿರುಗಿ ನೋಡಿದಾಗ ಡಾಕ್ಟರು ಸಿಮೆಂಟಿನ ಮೇಲೆ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡಿದ್ದರು. ಅವರು ಮುಚ್ಚಿದ ಕೈ ಬಿಡಿಸಿ ತೋರಿಸುವ ತನಕ ಅವರ ಹೆಂಡತಿಯ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಹತ್ತೂ ಇದ್ದವು. ತೋರುಬೆರಳಿನ ತುದಿಗೆ ಪೆಟ್ಟು ಬಿದ್ದು ಉಗುರು ಕಪ್ಪಾಗುತ್ತಿತ್ತು, ರಕ್ತ ಒಸರುತ್ತಿತ್ತು. ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡರು, ಮೂಳೆಗೆ ಏನೂ ಆಗಿಲ್ಲ ಎಂದರು. ನನ್ನ ಬಾಯಲ್ಲಿ ವೈರು ಇನ್ನೂ ಹಾಗೇ ಇತ್ತು. ಅದನ್ನು ನೋಡಿ ಅವರಿಗೆ ಎಲ್ಲ ಗೊತ್ತಾಯಿತು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮನೆಗೆ ಬಂದೆವು. ಹೆಂಡತಿ ಬಟ್ಟೆ ಸುತ್ತಿದ ಬೆರಳು ನೋಡಿದರು. ಗಿರಣಿ ಬಾಗಿಲಿಗೆ ಸಿಕ್ಕಿತು ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು. ನನ್ನನ್ನು ಉಳಿಸುವುದಕ್ಕೆ ಹೇಳಿದ ಸುಳ್ಳು ಅದು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ನಿಂತವಳು ಮತ್ತೆ ಕೂತೆ.

"ಬಾಗಿಲಲ್ರೀ, ಅದು ನನ್ನ ಬಾಯಿ," ಎಂದೆ. ನಡೆದದ್ದೆಲ್ಲ ಹೇಳಿದೆ.

ಆಕೆ ಗಂಡನ ಬೆರಳಿಗೆ ಮುಲಾಮು ಹಚ್ಚಿ ಹೊಸ ಪಟ್ಟಿ ಕಟ್ಟಿದರು. ಬೈಗುಳಕ್ಕೆ ತಯಾರಾಗಿ ಕೂತಿದ್ದ ನನ್ನ ಕಡೆ ಆಮೇಲೆ ತಿರುಗಿದರು.

"ಕೇಳಿಸ್ಕೊಳ್ದೆ ಆಯ್ತು ಅಂದ್ರಿ, ಅಲ್ದಾ? ನಾನು ಇಪ್ಪತ್ತು ವರ್ಷದಿಂದ ಅದೇ ಅಂತಿದೀನಿ."

ಡಾಕ್ಟರು ಪಟ್ಟಿಯ ಕಡೆ ನೋಡುತ್ತಾ ಕೂತಿದ್ದರು. ದಿನಾ ರಾತ್ರಿ ಊಟಕ್ಕೆ ಕೂತಾಗ ಅವರು ವಿಮಾನದ ಬಗ್ಗೆ ಹೇಳುತ್ತಿದ್ದರಂತೆ, ಈಕೆ ಸಾರು ಬಡಿಸುತ್ತಾ ಆಯ್ತು, ಆಯ್ತು ಎನ್ನುತ್ತಿದ್ದರಂತೆ. ಬಸ್ಸಿನ ತನಕ ನನ್ನನ್ನು ಬಿಡಲು ಆಕೆಯೇ ಬಂದರು, ದಾರಿಯಲ್ಲಿ ಇಷ್ಟನ್ನೂ ಹೇಳಿದರು.

ಎರಡು ಭಾನುವಾರ ಬಿಟ್ಟು ಮತ್ತೆ ಹೋದೆ. ಗಿರಣಿಯ ಅಂಗಳದಲ್ಲಿ ಆಕೆಯೂ ಇದ್ದರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅರ್ಥ್ ಎಂಬ ಮಾತು ಇನ್ನು ಇಲ್ಲಿ ಬೇಡ, ನೆಲ ಎನ್ನೋಣ ಎಂದು ಮೂವರೂ ಒಪ್ಪಿಕೊಂಡೆವು. ವೈರು ಇಂಜಿನ್ನಿನ ಮೈಗೆ ಸೇರಿದ್ದರೆ ನೆಲ, ಬಿಚ್ಚಿದ್ದರೆ ಜೀವ. ನೆಲ ಎನ್ನುವವರು ವೈರನ್ನು ಕೈಯಲ್ಲಿ ಮುಟ್ಟಿಯೇ ಅನ್ನಬೇಕು. ಹೊಸ ಲಗ್ಗು ಬಿಗಿದು, ಪೆಟ್ರೋಲ್ ಮಟ್ಟ ಸರಿಮಾಡಿ, ಇಂಜಿನ್ ಚಾಲೂ ಮಾಡುವ ಮೊದಲು ಡಾಕ್ಟರು ಹೆಂಡತಿಗೆ ಸ್ವಿಚ್ಚು ತೋರಿಸಿದರು. ಕಿಡಿ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಇಳಿಯುತ್ತದೆ, ಯಾಕೆ ನಿಲ್ಲುತ್ತದೆ ಎಂದು ನನಗೆ ಹೇಳಿದ್ದನ್ನೇ ಹೇಳಿದರು. ಹೇಳಿ ಮುಗಿಸಿ, ಅಭ್ಯಾಸ ಬಲದಿಂದ, ಅರ್ಥಾಯ್ತಾ ಎಂದುಬಿಟ್ಟರು.

ಆಕೆ ನನ್ನ ಕಡೆ ನೋಡಿದರು, ಆಮೇಲೆ ಗಂಡನ ಕಡೆ.

"ಇಲ್ಲ," ಎಂದರು. "ಇನ್ನೊಂದ್ಸಲ ಹೇಳಿ."

ಡಾಕ್ಟರು ಕಪ್ಪು ಉಗುರಿನ ಬೆರಳಿಂದ ಕನ್ನಡಕ ಸರಿಮಾಡಿಕೊಂಡು, ಅಲ್ಲೇ ಸಿಮೆಂಟಿನ ಮೇಲೆ ಕೂತು, ಸೀಮೆಸುಣ್ಣದ ಚೂರು ಹುಡುಕಿ, ಮೊದಲಿನಿಂದ ಶುರು ಮಾಡಿದರು. ನಾನೂ ಆಕೆಯ ಪಕ್ಕ ಕೂತು ಪೂರ್ತಿ ಕೇಳಿದೆ.