ಮೇಡಂ ಮಾಡಿದ ಕೊನೆಯ ಫೋನು

ಕಳೆದ ವಾರ ತಿಲಕ್ ನಗರದ ಔಷಧಿ ಅಂಗಡಿಯ ಕೌಂಟರಿನ ಮೇಲೆ ಸ್ಪಿರಿಟ್ ಬಾಟಲಿ ಉರುಳಿತು. ಅಂಗಡಿಯವರು ಬಟ್ಟೆ ಹುಡುಕುವಷ್ಟರಲ್ಲಿ ವಾಸನೆ ಫುಟ್‌ಪಾತಿನ ತನಕ ಹರಡಿತ್ತು. ಚೀಟಿ ಹಿಡಿದು ನಿಂತಿದ್ದ ನಾನು ಯಾಕೆ ಬಂದಿದ್ದೆ ಎನ್ನುವುದನ್ನೇ ಮರೆತೆ. ಕೈಗೆ, ಮೇಜಿಗೆ, ಗಾಜಿಗೆ ಸ್ಪಿರಿಟ್ ಒರೆಸಿಕೊಂಡೇ ನಾನು ಹಿಂದೆ ಕಳೆದಿದ್ದ ಎಂಟು ವರ್ಷ... ಮೇಡಂ ನೆನಪಾದರು.

ಧಾರವಾಡದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದ ನನಗೆ ಸಿಕ್ಕ ಮೊದಲ ಕೆಲಸ ಅವರ ಪ್ರಯೋಗಾಲಯದಲ್ಲಿ. ಅವರು ವಿಜ್ಞಾನಿ; ಹುಟ್ಟಿ ಬೆಳೆದದ್ದು ಜಯನಗರದಲ್ಲೇ. ಮಿದುಳಿನ ಕ್ಯಾನ್ಸರ್‌ಗಳಲ್ಲಿ ಅತಿ ಕೆಟ್ಟದ್ದೊಂದನ್ನು ಹಿಡಿದು ಇಪ್ಪತ್ತು ವರ್ಷ ಕೂತಿದ್ದರು. ಆ ಗಡ್ಡೆಯ ಜೀವಕೋಶಗಳು ಒಂದು ಪ್ರೋಟೀನಿನ ಬಲದಿಂದ ಔಷಧಿಯ ಏಟು ತಪ್ಪಿಸಿಕೊಳ್ಳುತ್ತವೆ, ಅದನ್ನು ಕಟ್ಟಿಹಾಕಿದರೆ ಗಡ್ಡೆ ಸಾಯಬೇಕು ಎನ್ನುವುದು ಅವರ ನಂಬಿಕೆ. ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ತೆರೆದು ಕೂತಾಗಲೂ ಮಾತು ಆ ಪ್ರೋಟೀನಿನದೇ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕುಗಳು, ರೋಗಿಗಳ ಒಪ್ಪಿಗೆ ಪಡೆದು, ಆಸ್ಪತ್ರೆಯಿಂದ ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ನೋಡುತ್ತಿದ್ದೆವು; ಬಹಳಷ್ಟು ಎರಡೇ ವಾರದಲ್ಲಿ ಸಾಯುತ್ತಿದ್ದವು. ಇಟ್ಟಮಡುವಿನ ಗಣಿತದ ಮೇಷ್ಟ್ರೊಬ್ಬರ ತುಣುಕು ಮಾತ್ರ ಬದುಕಿತು, ಬೆಳೆಯಿತು. ಮೇಷ್ಟ್ರು ಆಪರೇಷನ್ನಿಗೆ ಮೊದಲು ಮೇಡಂ ಅವರನ್ನು ಕರೆಸಿಕೊಂಡು, ಇದರಲ್ಲಿ ಏನು ಹುಡುಕುತ್ತೀರಿ ಎಂದು ಕೂಲಂಕಷವಾಗಿ ಕೇಳಿಯೇ ಸಹಿ ಹಾಕಿದ್ದರಂತೆ. ವರ್ಷ ತುಂಬುವ ಮೊದಲೇ ತೀರಿಕೊಂಡರು.

ಒಂದು ಬೆಳಿಗ್ಗೆ ಅವರ ಹೆಂಡತಿ ಬಂದರು. ಗಂಡನ ಆ ತುಣುಕನ್ನು ನೋಡಬೇಕು ಎಂದರು. ನಾನು ತಬ್ಬಿಬ್ಬಾದೆ. ಮೇಡಂ ಮಾತ್ರ ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಕನ್ನಡಕ ತೆಗೆಸಿ, ತಾವೇ ಫೋಕಸ್ ಮಾಡಿಕೊಟ್ಟರು.

ಆಕೆ ಬಹಳ ಹೊತ್ತು ನೋಡಿದರು.

“ಇದು ಇನ್ನೂ ಬದುಕಿದ್ಯಾ ಮೇಡಂ?”

“ಹೌದಮ್ಮ.”

“ಅವ್ರು ಹೋದ್ರು, ಇದು ಹೋಗ್ಲಿಲ್ಲ ನೋಡಿ.” ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನ ಸಾಯಿಸೋದು ಹೇಗೆ ಅಂತ ಗೊತ್ತಾದ ದಿನ ನಂಗೊಂದು ಫೋನ್ ಮಾಡ್ತೀರಾ?” ಎಂದರು.

“ಮಾಡ್ತೀನಿ,” ಎಂದು ಮೇಡಂ ನಂಬರು ಬರೆದುಕೊಂಡರು.

ಮೂರು ವರ್ಷದ ನಂತರ, ಆ ಪ್ರೋಟೀನನ್ನು ತಡೆಯುವ ಔಷಧಿ ಹಾಕಿದಾಗ ಮೇಷ್ಟ್ರ ಜೀವಕೋಶಗಳು ಸತ್ತವು. ಗಾಜಿನ ತಟ್ಟೆಯ ತುಂಬ ಬರೀ ಚೂರುಗಳು. ನಾನು ಕುಣಿದೇಬಿಟ್ಟೆ. “ಮೇಡಂ, ಅವ್ರಿಗೆ ಫೋನ್ ಮಾಡೂಣ್ರಿ!”

“ಸುಮ್ನಿರಮ್ಮ. ಇನ್ನೊಂದು ತಿಂಗ್ಳು ನೋಡೋಣ,” ಎಂದರು. ಆದರೆ ಅಂದು ಅವರು ಏನೋ ರಾಗ ಗುನುಗುತ್ತಾ ಕೈ ತೊಳೆದರು. ಅಂಥದ್ದನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ...

ಐದನೆಯ ವಾರ ತಟ್ಟೆಯ ಅಂಚಿನಲ್ಲಿ ಒಂದು ಸಣ್ಣ ಗುಂಪು ಕಾಣಿಸಿತು. ಆ ಪ್ರೋಟೀನಿನ ಹಂಗಿಲ್ಲದೆಯೇ ಬದುಕುವ ಜೀವಕೋಶಗಳು. ಅಂಥವು ಬೆರಳೆಣಿಕೆಯಷ್ಟು ಮೊದಲಿನಿಂದಲೂ ಒಳಗೇ ಇದ್ದವು. ಉಳಿದವು ಸತ್ತ ಜಾಗವನ್ನು ಈಗ ಅವು ತುಂಬತೊಡಗಿದ್ದವು. ಮತ್ತೊಂದು ಔಷಧಿ ಸೇರಿಸಿದೆವು, ಮಗದೊಂದು ಸೇರಿಸಿದೆವು. ಪ್ರತಿ ಸಲವೂ ಕೆಲವು ಉಳಿದವು. ಹಾಗೇ ವರ್ಷಗಳು ಹೋದವು. ಮೇಡಂ ನಿವೃತ್ತಿಯ ದಿನ ಬಂತು.

ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಅವರು ತಮ್ಮ ಕೋಣೆಯಲ್ಲಿ ಕೂತು ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದರು. ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿದ್ದರು. ಅವರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಕಟ್ಟುತ್ತಿದ್ದ ನನಗೂ ಕೇಳಿಸಿತು.

“ಆಗ್ಲಿಲ್ಲಮ್ಮ. ನನ್ ಕೈಲಿ ಆಗ್ಲಿಲ್ಲ.”

ಆ ಕಡೆಯಿಂದ ಆಕೆ, “ಗೊತ್ತಿಲ್ದಿರೋ ನಂಬರ್ ಬಂದಾಗೆಲ್ಲ ನೀವೇ ಇರ್ಬಹುದು ಅಂತ ಎತ್ಕೊಳ್ತಿದ್ದೆ ಮೇಡಂ. ಇನ್ಮೇಲೆ ಕಾಯಲ್ಲ ಬಿಡಿ,” ಎಂದು ಫೋನ್ ಇಟ್ಟರು.

ಮೇಡಂ ಆ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ನಾನು ಪುಸ್ತಕ ಕಟ್ಟುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.

ಮರುದಿನ ಮೇಷ್ಟ್ರ ಜೀವಕೋಶಗಳ ಬಾಟಲಿಗೆ ಬ್ಲೀಚ್ ಸುರಿದವಳು ನಾನೇ. ಮೇಡಂ ಅವರೇ ಹೇಳಿ ಹೋಗಿದ್ದರು. ಅವುಗಳನ್ನು ಬೆಳೆಸಿದ್ದ ಗುಲಾಬಿ ಬಣ್ಣದ ದ್ರವ ನೋಡನೋಡುತ್ತಲೇ ಬಿಳಿಚಿಕೊಂಡಿತು. ಬಾಟಲಿಯೊಳಗೆ ಸಾಯಿಸುವುದು ಅಷ್ಟು ಸುಲಭ.

ಹೋದ ವರ್ಷ ಕೋಣನಕುಂಟೆಯ ತಂಗಿಯ ಮನೆಯಲ್ಲಿ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ನಾನೀಗ ಜೆ.ಪಿ. ನಗರದ ಲ್ಯಾಬೊಂದರಲ್ಲಿ ಗಡ್ಡೆಗಳ ರಿಪೋರ್ಟ್ ತಯಾರಿಸುತ್ತೇನೆ. ನಿನ್ನೆ ಅದೇ ಕಾಯಿಲೆಯ ರಿಪೋರ್ಟ್ ಒಯ್ಯಲು ಒಬ್ಬ ತಂದೆ ಬಂದಿದ್ದರು. ಹಾಳೆ ಮಡಿಸುತ್ತಾ, “ಇದಕ್ಕೆ ಯಾರಾದ್ರೂ ಔಷಧಿ ಹುಡುಕ್ತಾ ಇದ್ದಾರಾ ಮೇಡಂ?” ಎಂದು ಕೇಳಿದರು.

“ಹುಡುಕ್ತಿದ್ದಾರೆ ಸಾರ್,” ಎಂದೆ. ನನಗೆ ಗೊತ್ತಿದ್ದವರು ಇನ್ನಿಲ್ಲ ಎನ್ನುವುದನ್ನು ಹೇಳಲಿಲ್ಲ.