ವಿಮಲಮ್ಮ ಹಾಕಿದ ಸುಳ್ಳು ಗುರುತು

ಬೆಳಿಗ್ಗೆ ಆರೂಕಾಲು. ವಿಜಯನಗರದ ಒಂದು ಅಡ್ಡರಸ್ತೆ, ಎರಡನೇ ಮಹಡಿಯ ಮನೆ. ಫ್ರಿಜ್ಜಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ವಿಮಲಮ್ಮ ಕೂತಿದ್ದಾರೆ. ಎದುರಿನ ಕುರ್ಚಿಯಲ್ಲಿ ಮನೆಯ ಯಜಮಾನರು, ಎಪ್ಪತ್ತೊಂದು ವರ್ಷದ ಬೈರಪ್ಪ. ಅವರ ಬಿ.ಪಿ. ನೋಡಲು ಬಂದಿರುವ ಆರೋಗ್ಯ ಕಾರ್ಯಕರ್ತೆ ಕಲಾ, ತೋಳಿಗೆ ಸುತ್ತುವ ಪಟ್ಟಿ ಪಕ್ಕದಲ್ಲಿಟ್ಟು ಮಾತ್ರೆಯ ಶೀಟು ಎಣಿಸುತ್ತಿದ್ದಾರೆ. ಯಾರೂ ತುಟಿ ಬಿಚ್ಚುತ್ತಿಲ್ಲ. ಅಳತೆಗೆ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು ಎಂಬುದು ನಿಯಮ.

ಮೂರನೇ ನಿಮಿಷಕ್ಕೆ ಬೈರಪ್ಪನವರಿಗೆ ತಡೆಯಲಾಗಲಿಲ್ಲ. “ಮೇಡಂ, ಒಂಚೂರು ಕಾಫಿ?” ಎಂದು, ಇವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿದ್ದ ನನ್ನನ್ನು ಕೇಳಿಯೇಬಿಟ್ಟರು. ಕಲಾ ಗಡಿಯಾರ ನೋಡಿ ಐದು ನಿಮಿಷದ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ವಿಮಲಮ್ಮ ತಲೆ ಎತ್ತದೆ ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು.

ಇದೇ ಅವರ ಕೆಲಸ. ಒಂದು ಸಣ್ಣ ಸಂಸ್ಥೆ ಈ ಭಾಗದ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಬಿ.ಪಿ. ನೋಡುವ ಯೋಜನೆ ನಡೆಸುತ್ತಿದೆ. ಹೇಗೆ ನೋಡಬೇಕು, ಏನು ಕೇಳಬೇಕು ಎಂದು ಕಾರ್ಯಕರ್ತೆಯರಿಗೆ ಕಲಿಸಿದ್ದಾರೆ. ಕಲಿಸಿದಂತೆಯೇ ನಡೆಯುತ್ತಿದೆಯೇ ಎಂದು ಜೊತೆಗೆ ಹೋಗಿ ನೋಡುವವರು ವಿಮಲಮ್ಮ. ಹಾಳೆಯಲ್ಲಿ ಹದಿನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಬೆನ್ನಿಗೆ ಆಸರೆ ಇತ್ತೇ? ಎರಡು ಸಲ ಅಳೆದರೇ? ಮಾತ್ರೆ ನುಂಗಿದಿರಾ ಎಂದು ಬರೀ ಕೇಳದೆ ಶೀಟು ತರಿಸಿ ನೋಡಿದರೇ? ದಿನಕ್ಕೆ ಆರು ಮನೆ, ಎಂಬತ್ತನಾಲ್ಕು ಗುರುತು. ಮಧ್ಯೆ ಬಾಯಿ ಹಾಕುವಂತಿಲ್ಲ, ಸಹಾಯ ಮಾಡುವಂತಿಲ್ಲ.

“ಬೇಳೆ ಅರ್ಧ ಬೇಯ್ಸಿ, ಅಂಗಡಿಯವ್ನು ಕೆಟ್ಟ ಬೇಳೆ ಕೊಟ್ಟ ಅಂದ್ರೆ ಹೆಂಗೆ ಮೇಡಂ?” ಎನ್ನುತ್ತಾರೆ ವಿಮಲಮ್ಮ. “ನಾಳೆ ಈ ಯೋಜನೆಯಿಂದ ಏನೂ ಉಪಯೋಗ ಆಗ್ಲಿಲ್ಲ ಅಂತಾರೆ ಅಂತಿಟ್ಕೊಳ್ಳಿ. ಸರಿಯಾಗಿ ಮಾಡಿದ್ರಾ ಅಂತ ಮೊದ್ಲು ಗೊತ್ತಾಗ್ಬೇಕಲ್ವಾ?” ನಾನು ಓದಿದ ಎಷ್ಟೋ ದಪ್ಪ ವರದಿಗಳು ಇಷ್ಟು ಸಲೀಸಾಗಿ ಇದನ್ನು ಹೇಳಿರಲಿಲ್ಲ.

ವಿಮಲಮ್ಮನಿಗೆ ಈಗ ಐವತ್ತಾರು. ಹುಟ್ಟಿ ಬೆಳೆದದ್ದು ಕಾಮಾಕ್ಷಿಪಾಳ್ಯದಲ್ಲಿ. ಹತ್ತೊಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ ಮಾಡಿದರು. ಅಂಗಿ ತಿರುವಿ ಹಾಕಿ ಬಿಟ್ಟುಹೋದ ಹೊಲಿಗೆ ಹುಡುಕುವುದು ಅಲ್ಲಿ ಅಭ್ಯಾಸವಾಯಿತು. ಫ್ಯಾಕ್ಟರಿ ಊರಾಚೆ ಹೋದಾಗ ಕೆಲಸವೂ ಹೋಯಿತು. ಅದೇ ವರ್ಷ ಪತಿ ವೆಂಕಟಸ್ವಾಮಿಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. “ಅವ್ರಿಗೆ ಬಿ.ಪಿ. ಇದೆ ಅಂತ್ಲೇ ನಮಗೆ ಗೊತ್ತಿರ್ಲಿಲ್ಲ. ಯಾರೂ ನೋಡೇ ಇರ್ಲಿಲ್ಲ,” ಎನ್ನುವಾಗ ಅವರ ದನಿ ಇಳಿಯುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಅಡುಗೆ ಮುಗಿಸಿ, ಅವರಿಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಹೊರಡುತ್ತಾರೆ.

ಇಂಥ ಕೆಲಸ ಮಾಡುವವರನ್ನು ಯಾರು ತಾನೇ ಇಷ್ಟಪಡುತ್ತಾರೆ? ಕಾರ್ಯಕರ್ತೆಯರು ಅವರ ಬೆನ್ನ ಹಿಂದೆ ‘ಅತ್ತೆ ಬಂದ್ರು’ ಎನ್ನುತ್ತಾರೆ. ಅದು ಅವರಿಗೂ ಗೊತ್ತು. “ಮೊದಲ್ನೇ ಮನೇಲಿ ಎಲ್ರೂ ಹೊಸ ಸೊಸೆ ಥರಾನೇ. ಮೂರನೇ ಮನೆ ಹೊತ್ಗೆ ಕಾಲು ನೋಯಕ್ಕೆ ಶುರುವಾಗುತ್ತೆ ನೋಡಿ, ಆಗ ನಿಜ ಕಾಣುತ್ತೆ,” ಎಂದು ನಗುತ್ತಾರೆ.

ಆದರೆ ಕಲಾ ಅವರ ವಿಷಯದಲ್ಲಿ ಈ ಅತ್ತೆಯ ಮನಸ್ಸು ಕರಗಿತ್ತು. ಹೋದ ವರ್ಷದ ಮಾತು. ಕಲಾ ಅವರ ಮಗಳು ದಿವ್ಯಾಗೆ ಡೆಂಗಿ ಜ್ವರ. ಹಗಲು ಆಸ್ಪತ್ರೆ, ಬೆಳಿಗ್ಗೆ ಒಂಬತ್ತರೊಳಗೆ ಹನ್ನೆರಡು ಮನೆ. ಆ ದಿನ ಬೈರಪ್ಪ ಹಾಲು ತಂದು, ಮೆಟ್ಟಿಲು ಹತ್ತಿ, ಕಾಫಿ ಕುಡಿದು, ಮಾತಾಡುತ್ತಲೇ ತೋಳು ಚಾಚಿದರು. ಕಲಾ ಹಾಗೇ ಅಳೆದುಬಿಟ್ಟರು. ಮುಂದಿನ ತಿಂಗಳೂ ಅದೇ ಅವಸರ, ಅದೇ ಕಥೆ. ಎರಡು ಸಲವೂ ಸ್ಟೂಲಿನ ಮೇಲೆ ಕೂತಿದ್ದ ವಿಮಲಮ್ಮ, ‘ಐದು ನಿಮಿಷ ವಿಶ್ರಾಂತಿ’ ಎಂಬಲ್ಲಿ ‘ಹೌದು’ ಎಂದು ಗುರುತು ಹಾಕಿದರು.

ವಿಶ್ರಾಂತಿ ಇಲ್ಲದೆ ಅಳೆದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ಕಾಣುತ್ತದೆ; ಎರಡು ಸಲವೂ ಹಾಗೇ ಕಂಡಿತು. ಅಳತೆ ಸರಿಯಾಗಿಯೇ ಆಗಿದೆ ಎಂದು ಹಾಳೆ ಹೇಳಿತು, ಡಾಕ್ಟರು ನಂಬಿದರು. ಬೈರಪ್ಪನವರಿಗೆ ಇನ್ನೊಂದು ಮಾತ್ರೆ ಸೇರಿತು. ಹತ್ತನೇ ದಿನ ಬಿ.ಪಿ. ತೀರಾ ಇಳಿದು, ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ.

ಮರುದಿನವೇ ವಿಮಲಮ್ಮ ಹೋಗಿ ಯೋಜನೆಯ ಡಾಕ್ಟರು ರಾಗಿಣಿಯವರ ಮುಂದೆ ನಿಂತು, ಗುರುತು ಹಾಕಿದವಳು ನಾನೇ, ಅದು ಸುಳ್ಳು ಎಂದರು. ಹಾಳೆ ತಿದ್ದಿದರು, ಮಾತ್ರೆ ನಿಂತಿತು. ಆದರೆ ಹಾಳೆ ತಿದ್ದಿದ ಮೇಲೆ ಕಲಾ ಅವರ ತಪ್ಪೂ ಬಯಲಾಯಿತು. ನನ್ನ ಮನೆಗಳಿಗೆ ನೀವು ಬರುವುದು ಬೇಡ ಎಂದು ಕಲಾ ಮುಖಕ್ಕೆ ಹೊಡೆದಂತೆ ಹೇಳಿದರು. ಕಾರ್ಯಕರ್ತೆ ಒಪ್ಪದೆ ಜೊತೆಗೆ ಹೋಗುವಂತಿಲ್ಲ. ವಿಮಲಮ್ಮನಿಗೆ ಮನೆಗಳು ತಪ್ಪಿದ್ದಕ್ಕಿಂತ ಅಕ್ಕ ಎನ್ನುತ್ತಿದ್ದವಳು ತಪ್ಪಿದ್ದೇ ಹೆಚ್ಚು ನೋವಾಯಿತು.

ತಿದ್ದಿದ ಹಾಳೆಯ ಹಿಂಬದಿಯಲ್ಲಿ ವಿಮಲಮ್ಮ ಇನ್ನೂ ಒಂದಿಷ್ಟು ಬರೆದಿದ್ದರು. ಅದು ಕಲಾ ಅವರಿಗೆ ಗೊತ್ತಾದದ್ದು ಮೂರು ವಾರದ ಮೇಲೆ, ರಾಗಿಣಿಯವರು ತೋರಿಸಿದಾಗ. ಹನ್ನೆರಡು ಮನೆಗೆ ಸಿಗುವ ಹೊತ್ತಿನಲ್ಲಿ ಯಾರಿಗೂ ಐದು ನಿಮಿಷ ಕೊಡಲಾಗುವುದಿಲ್ಲ. ಮೇಲಾಗಿ ನಮ್ಮ ಕಡೆ ಮನೆಗೆ ಬಂದವರ ಮುಂದೆ ಬಾಯಿ ಮುಚ್ಚಿ ಕೂತರೆ ಅವಮಾನ ಮಾಡಿದಂತೆ. ಕಲಾಳನ್ನು ಬೈಯಬೇಡಿ, ಮನೆ ಕಡಿಮೆ ಮಾಡಿ. ಇಷ್ಟೇ ಬರೆದದ್ದು.

ಈಗ ಕಲಾ ಅವರಿಗೆ ಎಂಟೇ ಮನೆ; ವಿಮಲಮ್ಮ ಜೊತೆಗೆ ಬರಲು ಅವರೇ ಮತ್ತೆ ಒಪ್ಪಿದ್ದಾರೆ. ಸುಮ್ಮನಿರುವ ಹೊತ್ತಿನಲ್ಲಿ ಕಲಾ ಮಾತ್ರೆಯ ಶೀಟು ಎಣಿಸುತ್ತಾರೆ. ಎಣಿಸುವವರನ್ನು ಮಾತಾಡಿಸಬಾರದೆಂದು ಬೇರೆ ಮನೆಯವರೆಲ್ಲ ತೆಪ್ಪಗಿರುತ್ತಾರೆ. ಬೈರಪ್ಪ ಮಾತ್ರ ಇನ್ನೂ ದಾರಿಗೆ ಬರಬೇಕು.

ಮೆಟ್ಟಿಲಿಳಿಯುವಾಗ, ಆ ಸುಳ್ಳು ಗುರುತಿನ ವಿಷಯ ಬರೆಯದೆ ಬಿಡಲೇ ಎಂದು ಇಬ್ಬರನ್ನೂ ಕೇಳಿದೆ. ಒಳ್ಳೆಯವರ ಹೆಸರು ಕೆಡಿಸಲು ನನಗೂ ಮನಸ್ಸಿರಲಿಲ್ಲ.

“ನನ್ ಹೆಸ್ರೂ ಹಾಕಿ ಮೇಡಂ. ಅಕ್ಕ ಒಬ್ರ ಮೇಲೇ ಯಾಕೆ?” ಎಂದರು ಕಲಾ. ವಿಮಲಮ್ಮ ಕಲಾ ಅವರ ಕೈ ಹಿಡಿದು ಎರಡು ಮೆಟ್ಟಿಲು ಇಳಿದರು, ನಿಂತರು.

“ಬಿಟ್ಟು ಬರೆದ್ರೆ ಚೆನ್ನಾಗೇ ಕಾಣುತ್ತೆ ಮೇಡಂ,” ಎಂದರು. “ಆ ಗುರುತು ಹಾಕುವಾಗ ನಾನೂ ಹಂಗೇ ಅನ್ಕೊಂಡಿದ್ದೆ.”