ತಿರುಗಿ ಬಂದ ಫೋನು

ಹಳೇ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು, ಹಾಗಾಗಿ ಬೀದಿಯವರ ಬಾಯಲ್ಲಿ ರಟ್ಟಣ್ಣ. ಹೊಲಿಗೆ ಬಿಚ್ಚಿಹೋದ ದಪ್ಪ ನಿಘಂಟನ್ನೂ ಹೊಸದರಂತೆ ಮಾಡಿಕೊಡುತ್ತಿದ್ದ. ಕೈ ಹೇಳಿದಂತೆ ಕೇಳುತ್ತಿತ್ತು, ನಾಲಿಗೆ ಮಾತ್ರ ಹುಟ್ಟಿದಾಗಿನಿಂದ ಕೇಳಿದ್ದಿಲ್ಲ. ಬಾಯಿ ತೆರೆದರೆ ಪದಗಳು ಒಂದರ ಮೈಮೇಲೊಂದು ಬೀಳುತ್ತಿದ್ದವು. ಅವನ ಮಾತು ಪೂರ್ತಿ ತಿಳಿಯುತ್ತಿದ್ದದ್ದು ಅಕ್ಕನೊಬ್ಬಳಿಗೇ. ಗಿರಾಕಿಗಳಿಗೆ ಅವಳೇ ಅರ್ಥ ಹೇಳುತ್ತಿದ್ದಳು, ಜೊತೆಗೆ ತನ್ನದೂ ಒಂದೆರಡು ಮಾತು ಸೇರಿಸುತ್ತಿದ್ದಳು. ಅವನು "ನಾಳೆ ಬನ್ನಿ" ಎಂದರೆ, "ನಾಳೆ ಬನ್ನಿ, ಇನ್ಮೇಲಾದ್ರೂ ಪುಸ್ತಕಾನ ದಿಂಬು ಮಾಡ್ಕೋಬೇಡಿ" ಎಂದಾಗುತ್ತಿತ್ತು.

ಆ ಅಕ್ಕ ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಧೊಪ್ಪೆಂದು ಬಿದ್ದಳು. ಎಷ್ಟು ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಊಟದ ಹೊತ್ತು, ಅಕ್ಕಪಕ್ಕದ ಅಂಗಡಿಗಳ ಬಾಗಿಲು ಮುಚ್ಚಿತ್ತು. ರಟ್ಟಣ್ಣ ಅಂಗಡಿಯ ಫೋನಿಗೆ ಓಡಿ ತುರ್ತು ಸಹಾಯದ ನಂಬರು ಒತ್ತಿದ. ಗಾಬರಿಗೆ ನಾಲಿಗೆ ಇನ್ನಷ್ಟು ತೊಡರಿತು.

"ಹಾಡಹಗಲೇ ಕುಡಿದು ಫೋನ್ ಮಾಡ್ತೀರಲ್ಲಾ, ನಾಚಿಕೆ ಆಗಲ್ವಾ?" ಎಂದಿತು ಒಂದು ಹೆಣ್ಣುದನಿ. ಫೋನು ಕಟ್ಟಾಯಿತು.

ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನಿಗೆ ಈ ಮಾತು! ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಇಂಥದ್ದನ್ನು ಎಷ್ಟೋ ಸಲ ನುಂಗಿಕೊಂಡಿದ್ದ. ಆದರೆ ಅವತ್ತು ಒಳಗೆ ಅಕ್ಕ ನೆಲದ ಮೇಲಿದ್ದಳು. ಬೀದಿಗೆ ಓಡೋಣವೆಂದು ಹೊಸ್ತಿಲು ದಾಟುವಷ್ಟರಲ್ಲಿ ಫೋನು ರಿಂಗಾಯಿತು.

"ಈಗ ಫೋನ್ ಮಾಡಿದ್ದು ನೀವೇನಾ? ಮಾತಾಡೋದು ಬೇಡ. ಹೌದು ಅಂದ್ರೆ ಫೋನ್ ಒಂದ್ಸಲ ತಟ್ಟಿ, ಇಲ್ಲ ಅಂದ್ರೆ ಎರಡು ಸಲ." ಈ ಹೆಣ್ಣುದನಿ ಮೆತ್ತಗಿತ್ತು. ಕಾಗದ ಮಡಿಸುವ ಮರದ ಪಟ್ಟಿ ಅವನ ಕೈಯಲ್ಲೇ ಉಳಿದಿತ್ತು. ಅದರಿಂದಲೇ ಟಕ್ ಎನ್ನಿಸಿದ. ಹುಷಾರಿಲ್ಲದಿರೋದು ನಿಮಗಾ? ಟಕ್ ಟಕ್. ಮನೆಯವರಿಗಾ? ಟಕ್. ಉಸಿರಾಡ್ತಿದ್ದಾರಾ, ಹೋಗಿ ನೋಡಿ ಬನ್ನಿ. ಓಡಿ ಹೋಗಿ ಬಂದು, ಟಕ್. ಅಂಗಡಿಯ ವಿಳಾಸ ಅವಳ ಮುಂದಿನ ಪರದೆಯ ಮೇಲೆ ಬಂದಿತ್ತಂತೆ. ಅಂಗಡಿಯೊಳಗಾ? ಟಕ್ ಟಕ್. ಹಿಂದಿನ ಮನೇಲಾ? ಟಕ್. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೂ ಅವಳು ಫೋನ್ ಇಡಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಅಕ್ಕ ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಆ ಪುಣ್ಯಾತ್ಗಿತ್ತಿಯನ್ನು ಕಾಣಲು ಕಚೇರಿಗೆ ಹೋದರು. ಯಾವ ಕರೆ ಯಾರು ತೆಗೆದುಕೊಂಡರೆಂದು ಹೊರಗಿನವರಿಗೆ ಹೇಳುವಂತಿಲ್ಲವಂತೆ. ಬದಲಿಗೆ ಅಲ್ಲಿನ ಸಾಹೇಬರು, "ಹೊಸಬರಿಗೆ ತರಬೇತಿ ಇದೆ, ಇಂಥ ಕರೆ ಹೇಗೆ ತಗೋಬೇಕು ಅಂತ ನೀವೇ ಬಂದು ಕಲಿಸಿ" ಎಂದುಬಿಟ್ಟರು. ರಟ್ಟಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ತನ್ನಂಥ ಇನ್ನೊಬ್ಬನ ಫೋನು ಕಟ್ಟಾಗಬಾರದೆಂಬ ಹಟಕ್ಕೆ ಒಪ್ಪಿದ.

ತರಬೇತಿಗೆ ಹತ್ತು ಜನ ಹುಡುಗ ಹುಡುಗಿಯರು. ಕಲಿಸುವ ಮೇಡಂ, ನಡುವಯಸ್ಸಿನ ಮಿತಮಾತಿನ ಹೆಂಗಸು, ರಟ್ಟಣ್ಣನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಒಬ್ಬೊಬ್ಬರಿಗೂ ಫೋನ್ ಮಾಡಿಸಿದಳು. ಅಕ್ಕ ಹುಡುಗರ ಜೊತೆಯೇ ಕೂತಿದ್ದಳು, ಮೊದಮೊದಲು ಎಲ್ಲರೂ ಪಿಳಿಪಿಳಿ ಅವಳ ಮುಖ ನೋಡುವವರೇ. "ಅಕ್ಕಾ, ನೀವು ತುಟಿ ಪಿಟಕ್ ಅನ್ನಬಾರದು" ಎಂದಳು ಮೇಡಂ. ಅಕ್ಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಅವಸರ ಮಾಡದೆ ಕಾಯುವುದು, ಅವನ ಮಾತನ್ನು ತಾವೇ ಮುಗಿಸದಿರುವುದು, ಹೌದು-ಇಲ್ಲದಲ್ಲಿ ಉತ್ತರ ಬರುವಂತೆ ಕೇಳುವುದು, ಇಷ್ಟು ಕಲಿಯಲು ಅವರಿಗೆ ಇಡೀ ಬೆಳಗ್ಗೆ ಹಿಡಿಯಿತು.

ಕೊನೆಗೆ ರಟ್ಟಣ್ಣನನ್ನೂ ಒಳಗೆ ಕರೆಸಿ ಅಕ್ಕನಿಗೆ ಮಾತಾಡಲು ಬಿಟ್ಟರು. ಅವಳು ಕಟ್ಟೆಯೊಡೆದಂತೆ ನಡೆದದ್ದನ್ನೆಲ್ಲ ಹೇಳಿ, "ತಿರುಗಿ ಫೋನ್ ಮಾಡಿದ ತಾಯಿ ನೂರು ವರ್ಷ ಚೆನ್ನಾಗಿರ್ಲಿ. ಆ ಮೊದಲನೆಯವಳು ಕೈಗೆ ಸಿಗ್ಲಿ, ಕಿವಿ ಹಿಂಡ್ತೀನಿ!" ಎಂದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ಹಿಂಡಿ ಅಕ್ಕಾ," ಎಂದಳು. "ಎರಡೂ ನಾನೇ. ಕುಡಿದವರು ಬೈತಾರೆ, ನಗ್ತಾರೆ. ಕಟ್ ಮಾಡಿದ ಮೇಲೆ ಹೊಳೀತು, ಇವರು ಏನೋ ಒಂದನ್ನೇ ಮತ್ತೆ ಮತ್ತೆ ಹೇಳ್ತಾ ಬೇಡ್ಕೋತಿದ್ರು ಅಂತ. ತಕ್ಷಣ ತಿರುಗಿ ಮಾಡಿದೆ. ಇವತ್ತಿನವರೆಗೂ ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ."

ರಟ್ಟಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ಮೇಡಂಗೆ ಕೈಮುಗಿದು, ಎಡವುತ್ತ ತಡವುತ್ತ ಹೇಳಿದ:

"ಕಟ್ ಮಾಡಿದವರು ಬೇಕಾದಷ್ಟು ಜನ ಇದಾರೆ. ತಿರುಗಿ ಮಾಡಿದ್ದು ನೀವೊಬ್ಬರೇ. ನಮ್ಮಕ್ಕನ್ನ ಉಳಿಸಿಕೊಟ್ರಿ ತಾಯೀ."

ಅಕ್ಕ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು ಅರ್ಥ ಹೇಳಲು ಹೊರಟಳು. ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಕೈ ಅಡ್ಡ ಮಾಡಿದಳು.

"ಬೇಡ ಅಕ್ಕಾ. ನಮಗೆ ತಿಳೀತು."